ಗಿರಿಜಾಳ ಬೈಕಿಗೆ ನಾಮಿನಿ ಯಾರು?

ಈ ಹುಡುಗಿ ಸತ್ತರೆ ದುಡ್ಡು ನಿಮಗೇಕೆ ಬರಬೇಕು?

ಕಳೆದ ಗುರುವಾರ ಇಲ್ಲಿ ಪುಣೆಯ ಮೋಟರ್‌ಸೈಕಲ್ ಶೋರೂಮಿನಲ್ಲಿ, ಟೈ ಕಟ್ಟಿದ ಗುಮಾಸ್ತರೊಬ್ಬರು ನನ್ನನ್ನು ಹೆಚ್ಚುಕಡಿಮೆ ಹೀಗೇ ಕೇಳಿದರು. (ಹೆಚ್ಚುಕಡಿಮೆ ಅಂದೆ. ಅವರು ನಿಜವಾಗಿ ಕೇಳಿದ್ದು ಮರಾಠಿಯಲ್ಲಿ, ಬಹಳ ವಿನಯದಿಂದ: “ರಿಲೇಶನ್ ಕಾಯ್, ಆಜಿ?” ಸಂಬಂಧವೇನು ಅಜ್ಜಿ, ಅಂತ.)

ಹುಡುಗಿಯ ಹೆಸರು ಗಿರಿಜಾ. ಗದಗಿನವಳು, ವಯಸ್ಸು ಇಪ್ಪತ್ತನಾಲ್ಕು. ಎರಡು ವರ್ಷದಿಂದ ನನ್ನ ಫ್ಲ್ಯಾಟಿನ ಹಿಂದಿನ ರೂಮಿನಲ್ಲಿ ಪೇಯಿಂಗ್ ಗೆಸ್ಟ್. ಭೋಸರಿಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೆಳಗಿನ ಶಿಫ್ಟಿಗೆ ಎರಡು ಬಸ್ ಬದಲಿಸಬೇಕು. ಅದಕ್ಕೇ ಬೈಕ್. ಸ್ಕೂಟಿ ತಗೋ ಅಂದೆ. ಆ ರಸ್ತೆಯ ಗುಂಡಿಗಳಿಗೆ ಸ್ಕೂಟಿಯ ಗಾಲಿ ಸಾಲದಂತೆ. ನನ್ನನ್ನು ಜೊತೆಗೆ ಕರೆದದ್ದಕ್ಕೂ ಕಾರಣವಿತ್ತು.

“ಒಬ್ಬಾಕೀನ ಹೋದ್ರ ಬರೇ ಸ್ಕೂಟಿ ತೋರಸ್ತಾರ್ರಿ ಆಂಟಿ.”

ನಾನಿದ್ದರೂ ಅದನ್ನೇ ತೋರಿಸಿದರು. ಗುಲಾಬಿ ಬಣ್ಣದ್ದು.

ಕೊನೆಗೆ ಕಪ್ಪು ಬೈಕ್ ನಿಶ್ಚಯವಾಯಿತು. ಬಂತು ಇನ್ಶೂರೆನ್ಸ್ ಫಾರ್ಮ್. ನಾಮಿನಿ ಎಂಬ ಕಾಲಮ್ಮಿನಲ್ಲಿ ಅವಳು ತಡವರಿಸದೆ ನನ್ನ ಹೆಸರು ಬರೆದಳು. ನನಗೆ ಎಪ್ಪತ್ತೊಂದು! ಸಂಬಂಧ? ಮನೆ ಮಾಲೀಕಳು ಅಂತ ಬರೆಯೋಣವೇ ಅಂದೆ. ಗುಮಾಸ್ತರು ನಕ್ಕು, ಅಪ್ಪನ ಹೆಸರು ಬರೆಯಲು ಹೇಳಿದರು.

ಗಿರಿಜಾ ಪೆನ್ ಕೆಳಗಿಟ್ಟಳು. ಅಪ್ಪನಿಗೆ ಬೈಕಿನ ವಿಷಯವೇ ಗೊತ್ತಿಲ್ಲ. ಕಂಪನಿ ಬಸ್ ಬಾಗಿಲಿಗೇ ಬರುತ್ತದೆ ಎಂದು ಅವಳು ಊರಿಗೆ ಫೋನಿನಲ್ಲಿ ಹೇಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಕೇಳಿ ಸುಮ್ಮನಿದ್ದೇನೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಇದನ್ನು ‘ಸಿನ್ ಆಫ್ ಒಮಿಷನ್’ ಅನ್ನುತ್ತಿದ್ದರು. ಮಾಡಬೇಕಾದ್ದನ್ನು ಮಾಡದೆ ಬಿಟ್ಟ ಪಾಪ. ಆ ಸಿಸ್ಟರ್‌ನ ಶಿಷ್ಯೆಯಾದ ನಾನು ಈಗೇನು ಹೇಳಿದೆ ಗೊತ್ತೇ? ಅಪ್ಪನ ಹೆಸರು ಬರೆದುಬಿಡು, ಅವರಿಗೆ ಹೇಗೆ ತಿಳಿಯುತ್ತದೆ, ಅಂದೆ.

“ತಿಳಿಯೂ ಹೊತ್ತಿಗೆ ನಾ ಇರಂಗಿಲ್ಲಲ್ರಿ,” ಅಂದಳು ಗಿರಿಜಾ.

ನನಗೂ ಹಾಗೇ ತಿಳಿದದ್ದು. ನನ್ನವರು ತೀರಿಕೊಂಡ ಮೇಲೆ, ಸ್ಕೂಟರಿನ ಕಾಗದಗಳ ನಡುವೆ ಅಪಘಾತ ವಿಮೆಯ ಪಾಲಿಸಿಯೊಂದು ಸಿಕ್ಕಿತ್ತು. ನಾಮಿನಿ ಎಂದು, ಅವರ ದುಂಡು ಅಕ್ಷರದಲ್ಲಿ ನನ್ನ ಹೆಸರು. ಅವರ ಬೆನ್ನ ಹಿಂದೆ ಅದೇ ಸ್ಕೂಟರಿನಲ್ಲಿ ಮೂವತ್ತು ವರ್ಷ ಕೂತಿದ್ದೇನೆ. ಒಂದು ದಿನವೂ ಹೇಳಿರಲಿಲ್ಲ. ಥ್ಯಾಂಕ್ಸ್ ಅನ್ನೋಣವೆಂದರೆ ಯಾರಿಗೆ?

ನಡಿ, ಈಗಲೇ ಅಪ್ಪನಿಗೆ ಹೇಳು, ಅಂದೆ. ಶೋರೂಮಿನ ಪಕ್ಕದಲ್ಲೇ ಎಸ್‌ಟಿಡಿ ಬೂತ್. ಗಿರಿಜಾ ಒಂದೇ ಉಸಿರಿಗೆ ಎಲ್ಲ ಹೇಳಿದಳು, ಬಸ್ಸಿನ ಸುಳ್ಳನ್ನೂ ಸೇರಿಸಿ. ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಆಮೇಲೆ ರಿಸೀವರ್ ನನ್ನ ಕೈಗೆ ಬಂತು. ಅವಳಪ್ಪ ಕೋರ್ಟಿನಲ್ಲಿ ಕೆಲಸ ಮಾಡಿದವರು. ಬೈಗುಳವಿಲ್ಲ, ಸೀದಾ ಸಾಕ್ಷಿಯ ವಿಚಾರಣೆ.

“ಆಕಿ ಗಾಡಿ ಹೊಡೆಯೂದು ನೀವು ನೋಡೀರೇನ್ರಿ ಬಾಯಾರ?”

ನೋಡಿರಲಿಲ್ಲ. ಮೂರು ತಿಂಗಳು ನನ್ನ ಬಾಲ್ಕನಿಯ ಎದುರಿನ ಮೈದಾನದಲ್ಲೇ, ಗೆಳತಿಯ ಬೈಕಿನ ಮೇಲೆ ಕಲಿತಳು. ಎಂಜಿನ್ ಸದ್ದಾದರೆ ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಭಯಕ್ಕೆ. ಅವರ ಬಳಿ ಅದನ್ನೇ ಒಪ್ಪಿಕೊಂಡೆ.

“ಹಂಗಾರ ಒಂದ್ ಸುತ್ತು ಹಿಂದ ಕೂತು ಬರ್ರಿ. ಭಿಡೆ ಬ್ಯಾಡ. ಧೈರ್ಯ ಬಂದ್ರ ನನ್ನ ಹೆಸರು ಬರಸ್ರಿ. ಇಲ್ಲಂದ್ರ ಆಕೀನ್ನ ಬಸ್ಸಿಗೇ ಕಳಸ್ರಿ.”

ಶೋರೂಮಿನ ಟ್ರಯಲ್ ಬೈಕ್ ಬಂತು. ಗುಮಾಸ್ತರು ನನ್ನ ಪರ್ಸ್ ಹಿಡಿದುಕೊಂಡು ನಿಂತರು. ಸೀರೆ ಸರಿಮಾಡಿಕೊಂಡು, ಹೆಲ್ಮೆಟ್ ಹೇರಿಕೊಂಡು, ಒಂದೇ ಬದಿಗೆ ಕಾಲಿಟ್ಟು ಕೂತೆ. (ಪುಣೆಯಲ್ಲಿ ಹೆಲ್ಮೆಟ್ ಹಾಕಿದ ಅಜ್ಜಿ! ಜನ ನಿಂತು ನೋಡಿದರು.) ಗಂಡನ ಹಿಂದೆ ಕೂತಾಗ ನಾನು ನೋಡುತ್ತಿದ್ದುದು ಅಂಗಡಿಗಳನ್ನು. ಅವತ್ತು ಮೊದಲ ಸಲ ರಸ್ತೆಯನ್ನು ನೋಡಿದೆ.

ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಆಯಿತು. ಹಿಂದಿನಿಂದ ಹಾರ್ನೋ ಹಾರ್ನು. ಯಾರೋ ಮರಾಠಿಯಲ್ಲಿ, ಮನೆಗೆ ಹೋಗಿ ಭಾಕ್ರಿ ತಟ್ಟು ಎಂದರು. ಗಿರಿಜಾ ತಿರುಗಲಿಲ್ಲ, ಅವಸರಪಡಲಿಲ್ಲ. ನ್ಯೂಟ್ರಲ್ಲಿಗೆ ತಂದಳು, ಕಿಕ್ ಹೊಡೆದಳು, ನುಗ್ಗಿ ಬಂದ ಬಸ್ಸನ್ನು ಮುಂದೆ ಬಿಟ್ಟು ಹೊರಟಳು. ಅವಳ ಹೆಗಲನ್ನು ಬಿಗಿಯಾಗಿ ಹಿಡಿದಿದ್ದ ನನ್ನ ಕೈ ಯಾವಾಗ ಸಡಿಲವಾಯಿತೋ ತಿಳಿಯಲಿಲ್ಲ.

ಮರಳಿ ಬಂದು, ಅವಳಪ್ಪನ ಹೆಸರಿನ ಸ್ಪೆಲ್ಲಿಂಗನ್ನು ಗುಮಾಸ್ತರಿಗೆ ನಾನೇ ಹೇಳಿದೆ.

ನಿಮ್ಮ ಪಾಲಿಸಿಯ ಆ ಕಾಲಮ್ಮಿನಲ್ಲೂ ಯಾರದೋ ಹೆಸರಿದೆಯಲ್ಲ, ಅವರಿಗೆ ಹೇಳಿದ್ದೀರಾ?