ಬಿಚ್ಚದ ಮಡಿಕೆ

ಕ್ರೇನು ನಡೆಸುವ ಹುಡುಗನಿಗೆ ಕೆಲಸದ ಜಾಗದಲ್ಲಿ ಆಮೆ ಎಂದು ಹೆಸರು. ಹೆಸರಿಟ್ಟವನು ಮೇಸ್ತ್ರಿ, ಅದನ್ನು ಸಾರ್ಥಕಗೊಳಿಸಿದವನು ಹುಡುಗನೇ. ಅವನು ಒಂದು ಪೈಪು ಎತ್ತಿ ಇಳಿಸುವಷ್ಟರಲ್ಲಿ ಉಳಿದವರು ಟೀ ಕುಡಿದು ಮೀಸೆ ಒರೆಸಿಕೊಂಡಿರುತ್ತಿದ್ದರು. "ನಂಗೆ ವೇಗ ಬರೋದು ಊಟದ ಗಂಟೆ ಹೊಡೆದಾಗ ಮಾತ್ರ" ಎಂದು ತನ್ನನ್ನು ತಾನೇ ಹಂಗಿಸಿಕೊಂಡು, ಬೇರೆಯವರಿಗೆ ಆ ಸುಖ ತಪ್ಪಿಸುತ್ತಿದ್ದ.

ಈ ನಿಧಾನ ಅವನಿಗೆ ಅತ್ತೆಯಿಂದ ಬಂದದ್ದು. ಅಪ್ಪನ ತಂಗಿ, ಅವನನ್ನು ಸಾಕಿದವಳು, ಟಾರ್ಪಾಲಿನ್ ಅಂಗಡಿಯಲ್ಲಿ ಹೊಲಿಗೆಯವಳು. ಅವಳು ಬಟ್ಟೆ ಮಡಿಸುವಾಗ ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ನಡುವೆ ಮಾತಾಡಿಸಿದರೆ ಕೊಡವಿ ಮೊದಲಿಂದ ಶುರು ಮಾಡುತ್ತಿದ್ದಳು. ಅವಳು ಮಡಿಸಿಟ್ಟ ಅಂಗಿಯನ್ನು ತೆಗೆದು ತೊಡುವಾಗ ಹುಡುಗನಿಗೆ ಯಾರದೋ ಮನೆಗೆ ಕನ್ನ ಹಾಕಿದಂತೆ ಅಳುಕಾಗುತ್ತಿತ್ತು.

ಅದು ಯುದ್ಧಕಾಲದ ಅಭ್ಯಾಸ. ಆಗಿನ್ನೂ ಅವಳು ಹರೆಯದ ಹುಡುಗಿ. ಊರಾಚೆಯ ವಿಮಾನ ನೆಲೆಯಲ್ಲಿ ಪ್ಯಾರಾಚೂಟು ಮಡಿಸುತ್ತಿದ್ದಳು. ಉದ್ದನೆಯ ಮೇಜು, ಅದರ ಮೇಲೆ ಕೈಯಿಂದ ಜಾರುವ ರೇಷ್ಮೆ. ಮಡಿಕೆಯ ನಡುವೆ ಮಾತು ಬಂದರೆ ಬಿಚ್ಚಿ ಮತ್ತೆ ಮಡಿಸಬೇಕು ಎಂಬುದು ಆ ಕೋಣೆಯ ಕಟ್ಟಳೆ. ಅವಳು ಮಡಿಸಿದ ಆರು ಚೀಲ ಹೊತ್ತು ಹೋದ ಬಾಂಬರ್ ವಿಮಾನವೊಂದು ರೆಕ್ಕೆಗೆ ಬೆಂಕಿ ಹತ್ತಿಸಿಕೊಂಡು ಹಿಂತಿರುಗಿ, ಊರ ಮೇಲಿಂದ ಹಾದು, ಆಚೆಯ ದೊಡ್ಡ ಕೆರೆಗೆ ಬಿತ್ತು. ಐವರು ಹಾರಿ ಬದುಕಿದರು. ಪೈಲಟ್ ಸಿಗಲಿಲ್ಲ, ವಿಮಾನವನ್ನು ಕೆಸರು ನುಂಗಿತು. ದೋಣಿಯವನೊಬ್ಬ, ಹೊಗೆಯ ನಡುವೆ ಆಕಾಶದಿಂದ ಒಬ್ಬ ಕಲ್ಲಿನ ಹಾಗೆ ಬಿದ್ದದ್ದನ್ನು ಕಂಡೆ ಎಂದ. ಊರಿಗೆ ಅಷ್ಟು ಸಾಕಾಯಿತು. ಪೈಲಟ್ ಹಾರಿದ, ಪ್ಯಾರಾಚೂಟು ತೆರೆಯಲಿಲ್ಲ, ಮಡಿಸಿದವಳು ಇವಳು.

ಪೈಲಟ್‌ನ ತಾಯಿಯ ಮನೆ ಎದುರಿಗೇ ಇತ್ತು. ಮೂವತ್ತು ವರ್ಷ ಅತ್ತೆ ಬಾಗಿಲು ತೆರೆದರೆ ಎದುರುಮನೆಯ ಕಿಟಕಿ ಮುಚ್ಚುತ್ತಿತ್ತು, ಎರಡಕ್ಕೂ ಒಂದೇ ಹಗ್ಗ ಕಟ್ಟಿದ ಹಾಗೆ. "ಬಂದಳು ನೋಡು, ನನ್ನ ಮಗನನ್ನ ತಿಂದವಳು" ಎಂಬ ಮಾತು ಮುಚ್ಚಿದ ಕಿಟಕಿಯಿಂದಲೂ ಕೇಳುತ್ತಿತ್ತು.

ಈಗ ತೂಬಿನ ದುರಸ್ತಿಗೆಂದು ಕೆರೆ ಬರಿದು ಮಾಡಿದಾಗ ಕೆಸರಿನಿಂದ ಒಂದು ರೆಕ್ಕೆ ತಲೆಯೆತ್ತಿತು. ಅದನ್ನು ಎತ್ತುವ ಕೆಲಸ ಬಿದ್ದದ್ದು ಆಮೆಯ ಕ್ರೇನಿಗೆ.

ಆ ಬೆಳಿಗ್ಗೆ ಅತ್ತೆ ಅವನ ಅಂಗಿಯ ಗುಂಡಿ ಹಾಕುತ್ತಾ, ಅವನಿನ್ನೂ ಎಳೆಯ ಮಗು ಎಂಬಂತೆ, ಕೆಳದನಿಯಲ್ಲಿ ಹೇಳಿದಳು: "ಅವನು ಸೀಟಲ್ಲಿದ್ದಾನಾ ನೋಡು. ಇದ್ರೆ, ಸೊಂಟದ ಹತ್ರ ಒಂದು ಲೋಹದ ಹಿಡಿ ಇರುತ್ತೆ, ಪ್ಯಾರಾಚೂಟು ತೆರೆಯೋಕೆ ಎಳೆಯೋದು. ಅದು ಪಟ್ಟಿಯ ಜೇಬಲ್ಲೇ ಇದೆಯಾ ನೋಡು."

"ಇಲ್ದಿದ್ರೆ?"

"ಎಳೆದಿದ್ದಾನೆ, ತೆರೆದಿಲ್ಲ ಅಂತ." ಕೊನೆಯ ಗುಂಡಿ ಹಾಕಿ ಮುಗಿದರೂ ಅವಳು ಕೈ ತೆಗೆಯಲಿಲ್ಲ. "ಅವತ್ತು ನಾವು ಮಡಿಸೋ ಕೋಣೆ ಕಿಟಕಿ ಹತ್ರ ಬಂದು ಏನೋ ಅಂದ ಕಣೋ. ಅವನ ಚೀಲದ್ದೇ ಮಡಿಕೆ ಅರ್ಧಕ್ಕಿತ್ತು. ನಕ್ಕುಬಿಟ್ಟೆ. ಹೊರಗೆ ಚೀಲ ಒಯ್ಯೋ ಗಾಡಿ ಕಾಯ್ತಿತ್ತು, ಬಿಚ್ಚಿ ಮತ್ತೆ ಮಡಿಸ್ಲಿಲ್ಲ."

ಹುಡುಗ ಬಸ್ಸಿಗೆ ಓಡಿದ. ಆಮೆಯಾದರೂ ಓಡಿದ.

ಕೆರೆಯಂಗಳದಲ್ಲಿ ಮೇಸ್ತ್ರಿ ಆಕಾಶ ನೋಡುತ್ತಾ ಶತಪಥ ಹಾಕುತ್ತಿದ್ದ. ಮೇಲಿನ ಬೆಟ್ಟಗಳಲ್ಲಿ ಮಳೆ ಶುರುವಾಗಿತ್ತು; ನೀರು ಬಂದರೆ ಎಲ್ಲ ಮತ್ತೆ ಕೆಸರುಪಾಲು. "ಸರಪಳಿ ಬಿಗಿದು ಪಕ್ಕಕ್ಕೆ ಎಳೆದುಬಿಡೋಣ" ಎಂದ.

"ಎಳೀರಿ, ಎಳೀರಿ" ಎಂದ ಬಾಂಬು ಬಿಚ್ಚಲು ಬಂದಿದ್ದ ಸೈನ್ಯದವನು. "ಹೊಟ್ಟೇಲಿ ಒಂದು ಸಿಕ್ಕೊಂಡಿದೆ. ಮೇಲೆತ್ತದೆ ನಂಗೆ ಕೈ ಹಾಕೋಕಾಗಲ್ಲ. ಕುಲುಕಿದ್ರೆ ನಾಳೆ ನಾವ್ಯಾರೂ ಪೇಪರ್ ಓದಲ್ಲ, ಪೇಪರಲ್ಲಿ ಬರ್ತೀವಿ."

ಜನರನ್ನೆಲ್ಲ ದೂರದ ದಂಡೆಗೆ ಕಳಿಸಿದರು. ಅಲ್ಲಿ ತಡೆಗೆ ಕಟ್ಟಿದ ಹಗ್ಗದಾಚೆ ಒಂದು ತುದಿಗೆ ಅತ್ತೆ. ಇನ್ನೊಂದು ತುದಿಗೆ, ಮಡಚುವ ಕುರ್ಚಿಯ ಮೇಲೆ ಎದುರುಮನೆ ಅಜ್ಜಿ. ಹುಡುಗ ಕ್ರೇನಿನ ಗೂಡು ಹತ್ತಿ ಕುಳಿತ. ತಾನು ಧೈರ್ಯವಂತ ಎಂದು ಅವನು ಎಂದೂ ಹೇಳಿಕೊಂಡವನಲ್ಲ. ಈಗಲೂ ಹೇಳಿಕೊಳ್ಳದೆ ಹಿಡಿಕೆಗೆ ಕೈ ಹಾಕಿದ.

ಕ್ರೇನಿನ ಹಗ್ಗ ಬಿಗಿಯಾಯಿತು. ಕೆಸರು ಬಿಡಲೊಲ್ಲೆ ಎಂದು ಹೀರಿ ಹಿಡಿಯಿತು. ಒಂದು ಗೇಣು ಎದ್ದಿತು. ಇನ್ನೊಂದು ಗೇಣು. ಆಗ ವಿಮಾನದ ಮೂತಿಯ ಕಡೆ ತಗಡು ಕಿರ್ರೆಂದು ಸೀಳುಬಿಟ್ಟಿತು. ಹುಡುಗ ಹಿಡಿಕೆ ನಿಲ್ಲಿಸಿದ. ಮೂತಿ ಮುರಿದು ಬಿದ್ದರೆ ಸೀಟು, ಹಿಡಿ, ಅತ್ತೆಯ ಮೂವತ್ತು ವರ್ಷ ಎಲ್ಲ ಕೆಸರಿಗೆ. ಬಾಂಬು ಸಿಡಿದರೆ ಕೇಳಲು ಇವನೂ ಇಲ್ಲ.

"ಎಳೆಯೋ ಆಮೆ! ನೀರು ಬರ್ತಿದೆ ಕಣೋ!" ಮೇಸ್ತ್ರಿಯ ಗಂಟಲು ಹರಿಯಿತು.

ನಿಜವಾಗಿಯೂ ನೀರು ಬರುತ್ತಿತ್ತು. ಕೆಂಪಗೆ, ಸದ್ದಿಲ್ಲದೆ, ಅಂಗಳದ ಬಿರುಕುಗಳನ್ನು ತುಂಬುತ್ತಾ. ಹುಡುಗ ಕದಲಲಿಲ್ಲ. ವಿಮಾನದ ಹೊಟ್ಟೆಯಿಂದ ಕೆಸರು ತಾನಾಗಿ ಸುರಿದುಹೋಗಲಿ, ಭಾರ ಇಳಿಯಲಿ ಎಂದು ಕಾದ. ಮೇಸ್ತ್ರಿ ಅವನ ವಂಶವನ್ನೆಲ್ಲ ಜಾಲಾಡಿದ. ಕೆಸರಿನ ಧಾರೆ ಸಣ್ಣದಾಗಿ ತೊಟ್ಟಿಕ್ಕತೊಡಗಿದಾಗ ಹುಡುಗ ಹಿಡಿಕೆಯನ್ನು ಕೂದಲೆಳೆಯಷ್ಟು ಸರಿಸಿದ. ಹಸುಗೂಸನ್ನು ತೊಟ್ಟಿಲಿಗೆ ಹಾಕುವಂತೆ ವಿಮಾನವನ್ನು ಗಟ್ಟಿನೆಲಕ್ಕಿಳಿಸಿದ.

ಸೈನ್ಯದವನು ಅದರ ಕೆಳಗೆ ತೆವಳಿ ಹೋದ. ಎಲ್ಲರ ಉಸಿರೂ ಅವನ ಜೊತೆ ಒಳಗೇ ಹೋಯಿತು. ಕೊನೆಗೆ ಕೆಸರಿನ ಮುದ್ದೆಯಂತೆ ಹೊರಬಂದು, "ಆಯ್ತು. ಯಾರಾದ್ರೂ ಬೀಡಿ ಕೊಡ್ರಪ್ಪಾ" ಎಂದ.

ಹುಡುಗ ಕ್ರೇನಿನಿಂದ ಇಳಿದು ಒಡೆದ ಗಾಜಿನೊಳಗೆ ಇಣುಕಿದ. ಸೀಟಿನ ಪಟ್ಟಿಗಳು ಬಿಗಿದೇ ಇದ್ದವು. ಅವುಗಳ ಹಿಂದೆ ಉಳಿದಿದ್ದುದಕ್ಕೆ ತಲೆಬಾಗಿ ಸೊಂಟದ ಕಡೆ ಕೆಸರು ಒರೆಸಿದ. ಬೆರಳಿಗೆ ತಣ್ಣಗೆ ತಗುಲಿತು, ಜೇಬಿನೊಳಗೇ ಭದ್ರವಾಗಿದ್ದ ಹಿಡಿ.

ದಂಡೆ ಹತ್ತಿದ. ಯಾರ ಬಳಿ ಮೊದಲು ಹೋಗಬೇಕೋ ತಿಳಿಯದೆ ನಡುವೆ ನಿಂತು, ಎರಡೂ ತುದಿಗೆ ಕೇಳುವಂತೆ ಕೂಗಿದ: "ಸೀಟಲ್ಲೇ ಇದ್ದಾರೆ! ಹಿಡಿ ಜೇಬಲ್ಲೇ ಇದೆ. ಹಾರೇ ಇಲ್ಲ! ಊರ ಮೇಲೆ ಬೀಳಬಾರ್ದು ಅಂತ ಇಲ್ಲೀತನಕ ತಂದಿದ್ದಾರೆ!"

ಅಜ್ಜಿ ಎದ್ದಳು. ಕುರ್ಚಿಯನ್ನು ಅಲ್ಲೇ ಬಿಟ್ಟು, ಹಗ್ಗ ಹಿಡಿದುಕೊಂಡು, ಅತ್ತೆಯಿದ್ದ ತುದಿಯವರೆಗೆ ನಡೆದಳು.

"ಇಷ್ಟು ವರ್ಷ ನಿನ್ನ ಬೈಕೊಂಡೇ ಬದುಕಿದೆ. ಇನ್ಯಾರನ್ನ ಬೈಲಿ?"

ಅಜ್ಜಿ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಒಂದು ಮಾತು ಹೇಳು. ಎಳೆದಿದ್ರೆ ತೆರೀತಿತ್ತಾ?"

ತೆರೀತಿತ್ತು ಅನ್ನು ಅತ್ತೆ, ಒಂದೇ ಒಂದು ಮಾತು ಎಂದು ಹುಡುಗ ಮನಸ್ಸಿನಲ್ಲೇ ಗೋಗರೆದ. ತಾನಾಗಿದ್ದರೆ ಕೇಳುವ ಮೊದಲೇ ಹೇಳಿಬಿಡುತ್ತಿದ್ದ. ಸುಳ್ಳಿನಲ್ಲಿ ಮಾತ್ರ ಅವನು ಎಂದೂ ಆಮೆಯಾಗಿರಲಿಲ್ಲ.

"ಗೊತ್ತಿಲ್ಲಮ್ಮಾ" ಎಂದಳು ಅತ್ತೆ. "ಮಡಿಸುವಾಗ ನಿಮ್ಮ ಮಗ ಏನೋ ಅಂದ. ನಾನು ನಕ್ಕೆ. ಬಿಚ್ಚಿ ಮತ್ತೆ ಮಡಿಸ್ಬೇಕಿತ್ತು. ಮಡಿಸ್ಲಿಲ್ಲ."

ಅಜ್ಜಿಯ ಕೈ ಮೇಲೆದ್ದಿತು. ಹೊಡೆಯುತ್ತಾಳೆಂದೇ ಹುಡುಗ ಮುಂದೆ ನುಗ್ಗಿದ. ಆದರೆ ಆ ಕೈ ಅತ್ತೆಯ ತೋಳನ್ನು ಹಿಡಿದುಕೊಂಡಿತು.

"ಏನಂದ?"

"ಆಂ?"

"ನನ್ನ ಮಗ. ನೀನು ನಗೋ ಹಾಗೆ ಏನಂದ?"

"ಇಷ್ಟು ಚೆಂದ ಮಡಿಸ್ಬೇಡ್ರೀ ಅಂದ. ನಮ್ಮಮ್ಮನ ಬೀರು ಥರಾನೇ ಇದೆ. ಏನಾದ್ರೂ ಎಳೆದ್ರೆ ಬೈತಾಳೆ ಅಂತ ಅದಕ್ಕೂ ಕೈ ಹಾಕಲ್ಲ, ಇದಕ್ಕೂ ಹಾಕೋಕೆ ಭಯ ಆಗತ್ತೆ, ಅಂದ."

ಅಜ್ಜಿ ಕೆರೆಯ ಕಡೆ ನೋಡಿದಳು. ಕೆಂಪು ನೀರು ಕ್ರೇನಿನ ಚಕ್ರ ಮುಟ್ಟುತ್ತಿತ್ತು. ಮೇಸ್ತ್ರಿ ಆಮೆಯನ್ನು ಅವನ ನಿಜ ಹೆಸರು ಹಿಡಿದು ಕೂಗುತ್ತಿದ್ದ.

"ಸುಳ್ಳ" ಎಂದಳು ಅಜ್ಜಿ. "ದಿನಾ ಎಳೆದು ಹಾಕ್ತಿದ್ದ." ತೋಳು ಬಿಡದೆ ಕೇಳಿದಳು: "ಇನ್ನೊಂದ್ಸಲ ಹೇಳು."