ಇಪ್ಪತ್ತು ಸೆಕೆಂಡಿನ ಆಟಗಾರ್ತಿ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಸ್ಯಾನ್ ಹೋಸೆಯ ಪೂರ್ವದ ಗುಡ್ಡಗಳ ಬೆನ್ನು ಈಗಷ್ಟೇ ಕೆಂಪಾಗುತ್ತಿದೆ. ಕಾರ್ಖಾನೆಯ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ದೆಯೊಲಿಂದಾ ಬೆಟೆನ್‌ಕೋರ್ಟ್ ತಮ್ಮ ಟಿವಿ ಹಚ್ಚಿ, ಅದರ ತಲೆಯ ಮೇಲೆ ವಿಡಿಯೊ ಗೇಮಿನ ಹನ್ನೆರಡು ಕಾರ್ಟ್ರಿಜ್‌ಗಳನ್ನು ಸಾಲಾಗಿ ಜೋಡಿಸುತ್ತಾರೆ. ಆಮೇಲೆ ಕೈಚೀಲದಿಂದ ಸಿಹಿ ಬ್ರೆಡ್ಡಿನ ತುಂಡು ತೆಗೆದು ಹಾಲು ಕಾಫಿಯಲ್ಲಿ ಅದ್ದಿ ತಿನ್ನುತ್ತಾರೆ. ಟಿವಿ ಕಾಯಬೇಕು, ಮೇಲಿನ ಸರಕೂ ಬಿಸಿಯಾಗಬೇಕು. ಅಲ್ಲಿಯವರೆಗೆ ಯಾರು ಏನೇ ಹೇಳಿದರೂ ಅವರು ಜಗ್ಗುವುದಿಲ್ಲ.

ಬಿಸಿಯಾಯಿತೆಂದರೆ ಶುರು. ಟಿವಿಗೆ ಜೋಡಿಸಿದ ಆಟದ ಪೆಟ್ಟಿಗೆಗೆ ಕಾರ್ಟ್ರಿಜ್ ಸಿಕ್ಕಿಸುತ್ತಲೇ ಪರದೆಯ ಮೇಲೆ ಬಾಸ್ಕೆಟ್‌ಬಾಲ್ ಅಂಗಳ ಮೂಡುತ್ತದೆ: ಎರಡು ಬುಟ್ಟಿ, ಕಡ್ಡಿ ಕಾಲಿನ ಇಬ್ಬರು ಆಟಗಾರರು, ಚೌಕನೆಯ ಚೆಂಡು. ಬೆಂಚಿಗೇ ಬಿಗಿದು ಕೂರಿಸಿದ ಹಿಡಿಕೆಯಿಂದ ಆಟಗಾರನನ್ನು ನಾಲ್ಕೂ ದಿಕ್ಕಿಗೆ ಓಡಿಸಿ, ಒಂದೇ ಒಂದು ಸಲ ಚೆಂಡೆಸೆಯುತ್ತಾರೆ. ಚೆಂಡು ಬುಟ್ಟಿಗೆ ಬಿದ್ದು, ಸೊನ್ನೆ ಹೋಗಿ ಎರಡು ಬಂದರೆ ಕಾರ್ಟ್ರಿಜ್ ಪಾಸು. ಎಲ್ಲ ಸೇರಿ ಇಪ್ಪತ್ತು ಸೆಕೆಂಡು. ಎಸೆದದ್ದು ತಪ್ಪಿದ್ದನ್ನು ಕಂಡವರಿಲ್ಲ! ಅಷ್ಟರಲ್ಲಿ ಎಡಗೈಗೆ ಮುಂದಿನದು ಬಂದಾಗಿರುತ್ತದೆ.

ದಿನಕ್ಕೆ ಒಂಬೈನೂರರ ಆಸುಪಾಸು. ಸಾವಿರದ ಒಂಬೈನೂರ ಎಂಬತ್ತರ ಈ ಬೇಸಿಗೆಗೆ ಅವರ ಕೈ ದಾಟಿ ಹೋದದ್ದು ನಾಲ್ಕು ಲಕ್ಷದ ಮೇಲಾಗಿದೆ. ಈ ಪರೀಕ್ಷೆಯ ಬೆಂಚಿನಲ್ಲಿರುವ ಏಳು ಹೆಂಗಸರಿಗೆ ಒಬ್ಬೊಬ್ಬರಿಗೂ ಒಂದೊಂದು ಆಟ. ಬಾಸ್ಕೆಟ್‌ಬಾಲ್ ಇವರ ಪಾಲಿನದು. ಎರಡು ಸಾವಿರ ಅಕ್ಷರ ಹಿಡಿಸುವಷ್ಟು ಜಾಗದಲ್ಲಿ ಇಡೀ ಆಟವನ್ನು ಅಡಗಿಸಿಟ್ಟ ಪುಣ್ಯಾತ್ಮನ ಹೆಸರು ಡಬ್ಬದ ಮೇಲೆ ಎಲ್ಲೂ ಇಲ್ಲ. ಅಂದಮೇಲೆ ಅದನ್ನು ತಟ್ಟಿ ನೋಡಿ ಕಳಿಸುವವರನ್ನು ಯಾರು ಕೇಳಬೇಕು?

ಸಾಗರದಾಚೆಯ ಪೀಕೊ ದ್ವೀಪದಿಂದ ಹತ್ತೊಂಬತ್ತರ ವಯಸ್ಸಿಗೆ ಬಂದ ದೆಯೊಲಿಂದಾ ಇಪ್ಪತ್ತೆರಡು ಹಂಗಾಮು ಹಣ್ಣಿನ ಕಾರ್ಖಾನೆಯಲ್ಲಿ ನಿಂತವರು. ಓಡುವ ಪಟ್ಟಿಯ ಮೇಲಿನ ಏಪ್ರಿಕಾಟ್‌ಗಳಲ್ಲಿ ಕೆಟ್ಟದ್ದನ್ನು ಎಡಗೈಯಲ್ಲಿ ಎತ್ತಿ ಎಸೆಯುವುದು ಅಲ್ಲಿನ ಕೆಲಸ. ಆ ಕಾರ್ಖಾನೆ ಮುಚ್ಚಿತು. ಹೈನುಮನೆಯಲ್ಲಿ ಹಸು ಒದ್ದು ಗಂಡ ಜಿಲ್ಬೆರ್ತು ಸೊಂಟ ಮುರಿದುಕೊಂಡರು. ಈಗ ಮನೆ ನಡೆಯುವುದು ಈ ಇಪ್ಪತ್ತು ಸೆಕೆಂಡುಗಳ ಮೇಲೆಯೇ.

ಟಿವಿಯ ತಲೆಯ ಮೇಲೆ ಕಾಯಿಸುವ ಪಾಠ ಹಣ್ಣು ಕಲಿಸಿದ್ದಂತೆ. "ಶೀತದ ಕೋಣೆಯಿಂದ ಆಗಷ್ಟೇ ತೆಗೆದ ಹಣ್ಣು ನೋಡಿ, ಪೆಟ್ಟು ಕಾಣ್ಸೋದೇ ಇಲ್ಲ. ಸ್ವಲ್ಪ ಹೊತ್ತು ಹೊರಗಿಟ್ರೆ ಬಣ್ಣ ಬಯಲಾಗುತ್ತೆ. ಇದೂ ಹಂಗೇ. ತಣ್ಣಗಿರುವಾಗ ಎಲ್ರೂ ಒಳ್ಳೆಯವರೇ," ಎಂದು ನಗುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ನಿಯಮದ ಹಾಳೆಯಲ್ಲಿ ಬರೆದದ್ದೂ ಅಲ್ಲ. ಇವರು ಮಾಡಿದರು, ಉಳಿದ ಆರು ಜನ ನೋಡಿ ಕಲಿತರು.

ಹೋದ ತಿಂಗಳು ಒಂದು ಸೋಮವಾರ ಮೇಲ್ವಿಚಾರಕ ಗ್ಯಾರಿಟಿ ಬಂದು, ಶುಕ್ರವಾರಕ್ಕೆ ಬೆಂಚು ಮುಚ್ಚುತ್ತದೆ ಎಂದರು. ಹೊಸ ಯಂತ್ರ ಬಂದಿದೆ, ಎರಡೇ ಸೆಕೆಂಡಿನಲ್ಲಿ ಒಳಗಿನ ಅಕ್ಷರವನ್ನೆಲ್ಲ ಓದಿ ಹಸಿರು ದೀಪ ಹಚ್ಚುತ್ತದೆ, ಇನ್ನು ಕೈಗಳ ಅಗತ್ಯವಿಲ್ಲ. ಪಕ್ಕದ ಕುರ್ಚಿಯ ಇದಲೀನಾ ಬಚ್ಚಲಿಗೆ ಹೋಗಿ ಅತ್ತುಬಂದರು. ಇದಲೀನಾರ ಮಗಳಿಗೆ ದೆಯೊಲಿಂದಾ ಚರ್ಚಿನಲ್ಲಿ ಜ್ಞಾನಸ್ನಾನದ ತಾಯಿ. ಒಬ್ಬರಿಗೊಬ್ಬರು 'ಕೊಮಾದ್ರೆ' ಎನ್ನುವ ನಂಟು.

"ಅತ್ತರೆ ಯಂತ್ರ ವಾಪಸ್ ಹೋಗುತ್ತಾ ಕೊಮಾದ್ರೆ? ಮುಖ ತೊಳ್ಕೊಂಡ್ ಬಾ," ಎಂದು ಗದರಿದ ದೆಯೊಲಿಂದಾ, ಯಂತ್ರ ಪಾಸು ಮಾಡಿದ ಇಪ್ಪತ್ತನಾಲ್ಕು ಬಾಸ್ಕೆಟ್‌ಬಾಲ್ ಕಾರ್ಟ್ರಿಜ್‌ಗಳನ್ನು ಅರ್ಧ ಗಂಟೆ ತಮಗೆ ಕೊಡಿ ಎಂದು ಕೇಳಿದರು.

"ಅದಕ್ಕೆ ಎರಡು ಸೆಕೆಂಡು ಸಾಕು, ನಿಮಗೆ ಅರ್ಧ ಗಂಟೆ ಬೇಕಾ?" ಎಂದು ಗ್ಯಾರಿಟಿ ನಕ್ಕರು. ಆದರೂ ಕೊಟ್ಟರು, ಕೊನೆಯ ವಾರವಲ್ಲವೇ ಎಂದು.

ಇಪ್ಪತ್ತನಾಲ್ಕೂ ಎರಡು ಟಿವಿಗಳ ತಲೆಯೇರಿದವು. ಬೆಂಚಿನವರೆಲ್ಲ ಕೈ ಕಟ್ಟಿ ನಿಂತರು. ಕಾಯಿಸಿ ಸಿಕ್ಕಿಸಿದ ಮೊದಲ ಏಳು ಸರಿಯಿದ್ದವು. ಗ್ಯಾರಿಟಿ ಗಡಿಯಾರ ನೋಡಿಕೊಂಡರು. ಎಂಟನೆಯದರಲ್ಲಿ ಚೆಂಡು ಬುಟ್ಟಿಯೊಳಗೆ ಇಳಿಯಿತು, ಅಂಕ ಮಾತ್ರ ಸೊನ್ನೆಯಲ್ಲೇ ಕೂತಿತು. ದೆಯೊಲಿಂದಾ ಅದನ್ನು ಎಡಗೈಯಲ್ಲಿ ಪಕ್ಕಕ್ಕಿಟ್ಟರು. ಹದಿನೈದನೆಯದರಲ್ಲಿ ಆಟಗಾರ ಬಲಕ್ಕೆ ಓಡಲೊಲ್ಲ. ಇಪ್ಪತ್ತೆರಡನೆಯದರಲ್ಲಿ ಆಟಗಾರರು ಅಂಗಳ ಸಮೇತ ಮಾಯ.

ಗ್ಯಾರಿಟಿ ಮೂರನ್ನೂ ಹೊತ್ತುಕೊಂಡು ಯಂತ್ರವಿರುವ ತಂಪು ಕೋಣೆಗೆ ಓಡಿದರು. ಅಲ್ಲಿ ತಣಿದದ್ದೇ ತಡ, ಮೂರಕ್ಕೂ ಹಸಿರು ದೀಪ. ಬಂದು ಕಾಯಿಸಿದರೆ ಮೂರೂ ಫೇಲು. ನಂಬಿಕೆ ಬಾರದೆ ಮತ್ತೊಂದು ಸಲ ಹೋಗಿಬಂದರು. ಕಾಯಿಸಿಯೇ ಯಂತ್ರಕ್ಕೆ ಕೊಟ್ಟರಾಗದೇ ಎಂದು ಮಹಡಿಯ ಮೇಲಿನ ದೊಡ್ಡವರು ಕೇಳಿದರಂತೆ. ಬಿಸಿಗೆ ಯಂತ್ರದ ತಲೆಯೇ ಕೆಡುತ್ತದಂತೆ! ಅಕ್ಷರ ಓದುವ ಯಂತ್ರ, ಆಡಿ ನೋಡುವ ಹೆಂಗಸು. ಅಬ್ಬಾ, ಆ ಕೈಗಳನ್ನು ನೋಡುತ್ತಿದ್ದರೆ ಮೈ ಜುಂ ಎನ್ನುತ್ತದೆ.

ಶುಕ್ರವಾರ ಬೆಂಚು ಮುಚ್ಚಲಿಲ್ಲ. ಯಂತ್ರ ಮೊದಲು, ಬೆಂಚು ಆಮೇಲೆ ಎಂದು ಆದೇಶ ಬಂತು. ಏಳು ಜನರೂ ಉಳಿದರು. ಗ್ಯಾರಿಟಿ ಟೋಪಿ ತೆಗೆದು ನಿಂತು, ದೆಯೊಲಿಂದಾ ಅವರಿಗೆ ಏನು ಬೇಕೋ ಕೇಳಲಿ ಎಂದರು. ಸಂಬಳ ಕೇಳು ಎಂದು ಇದಲೀನಾ ಮೊಣಕೈಯಿಂದ ತಿವಿದರು.

"ಒಂದಾಟ ಪೂರ್ತಿ ಆಡ್ಬೇಕು ಮಿಸ್ಟರ್ ಗ್ಯಾರಿಟಿ. ನಾಲ್ಕು ನಿಮಿಷ," ಎಂದರು ದೆಯೊಲಿಂದಾ. "ಮುಗಿದಾಗ ಏನಾಗುತ್ತೆ ಅಂತ ನಾನು ಇವತ್ತಿನವರೆಗೂ ನೋಡಿಲ್ಲ."

ಗ್ಯಾರಿಟಿ ತಾವೇ ಕುರ್ಚಿ ಎಳೆದುಕೊಟ್ಟರು. ಎದುರಾಳಿಯಾಗಿ ಇದಲೀನಾ ಕೂತರು. ಮೊದಲ ಬಾರಿಗೆ ಇಪ್ಪತ್ತನೆಯ ಸೆಕೆಂಡು ಬಂದು, ದಾಟಿ, ಹೋಯಿತು. ಅಭ್ಯಾಸಬಲದಿಂದ ಮುಂದಿನದಕ್ಕೆ ಚಾಚಿದ ಎಡಗೈಯನ್ನು ದೆಯೊಲಿಂದಾ ಹಿಂದಕ್ಕೆಳೆದು ತೊಡೆಯ ಮೇಲಿಟ್ಟುಕೊಂಡರು. ಕೊನೆಯ ಅರ್ಧ ನಿಮಿಷದಲ್ಲಿ ಬೆಂಚಿನವರೆಲ್ಲ ಪರದೆಗೆ ಮೂಗು ತಾಗಿಸಿದ್ದರು. ಗಡಿಯಾರ ಸೊನ್ನೆಗೆ ಬಂತು. ಕಡ್ಡಿ ಕಾಲಿನ ಇಬ್ಬರೂ ಇದ್ದಲ್ಲೇ ನಿಂತರು. ಬೇರೇನೂ ಆಗಲಿಲ್ಲ, ಸದ್ದೂ ಇಲ್ಲ.

ಇಷ್ಟೇನಾ ಎಂದರು ಇದಲೀನಾ, ಗೆದ್ದವರು ಅವರೇ ಆದರೂ.

ದೆಯೊಲಿಂದಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇಷ್ಟೇ," ಎಂದರು. "ಆದ್ರೆ ನೋಡು, ಎಲ್ಲೂ ನಿಲ್ಲದೆ ಕೊನೇವರೆಗೂ ನಡೀತು. ನಾಲ್ಕು ಲಕ್ಷ ಮನೇಲಿ ಹಿಂಗೇ ನಡೀತಿರುತ್ತೆ."