ಇಪ್ಪತ್ತೆಂಟು ಎಣಿಕೆಯ ಗಂಟೆ

1982, ಫೆಬ್ರವರಿ 7, ಭಾನುವಾರ, ಬೆಳಿಗ್ಗೆ 6.40. ನಮ್ಮೂರ ಆಂಜನೇಯನ ಗುಡಿಯ ಗಂಟೆ ಬಿತ್ತು.

ದಿನಚರಿಯಲ್ಲಿ ಅವತ್ತು ನಾನು ಬರೆದದ್ದು ಇಷ್ಟು: ಕೊಂಡಿ ಸವೆದಿತ್ತು. ಪೂಜಾರಿಗೂ ಗಂಟೆಗೂ ನಡುವೆ ಉಳಿದದ್ದು ಒಂದು ಗೇಣು. ಗಂಟೆ ಮೂರು ಹೋಳು. ಪೂಜಾರಿ ಒಂದೇ ಹೋಳು.

ನಮ್ಮೂರು ಮಾಕಳಿ ದಾಟಿ ಒಳಕ್ಕೆ ಹೋದರೆ ಸಿಗುತ್ತದೆ. ಆಗ ಊರಿನ ಅರ್ಧದಷ್ಟು ಗಂಡಸರು ತುಮಕೂರು ರಸ್ತೆಯ ಕಾರ್ಖಾನೆಗಳಿಗೆ ಸೈಕಲ್ ತುಳಿಯುತ್ತಿದ್ದರು. ನಮ್ಮ ಚಿಕ್ಕಪ್ಪನೂ ಅವರಲ್ಲೊಬ್ಬ, ಫಿಟ್ಟರ್. ಗುಡಿಯ ಉಸ್ತುವಾರಿ ತಾತನದು. ನನಗೆ ಹತ್ತೊಂಬತ್ತು ವರ್ಷ, ಕಾಲೇಜಿಗೆ ಹೋಗಿ ಬರುವುದು ಬಿಟ್ಟರೆ ಕಂಡದ್ದನ್ನೆಲ್ಲ ಎಣಿಸಿ ಬರೆದಿಡುವುದು ನನ್ನ ಕೆಲಸ.

ಮಾರ್ಚ್ ಮೊದಲ ವಾರ ಕಂಚುಗಾರರು ಬಂದರು. ಐವತ್ತು ದಾಟಿದ, ಹುಬ್ಬಿನ ಕೂದಲು ಅರ್ಧ ಸುಟ್ಟುಹೋದ ಮನುಷ್ಯ. ಬಿದ್ದ ಗಂಟೆಯನ್ನು ಎರೆದವರು ಅವರ ಅಪ್ಪ. ಅವರು ಹೋಳುಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದಾಗಿ ತಿರುಗಿಸಿ ನೋಡಿದರು. ಆಮೇಲೆ ತಾತನಿಗೆ ಹೇಳಿದರು, "ಯಜಮಾನ್ರೆ, ಮೊದ್ಲೇ ಹೇಳ್ಬಿಡ್ತೀನಿ. ನಾನು ದೀಪ, ಆರತಿ ತಟ್ಟೆ, ಪ್ರಭಾವಳಿ ಮಾಡ್ದೋನು. ಗಂಟೆ ಎಲ್ಲಾ ಅಪ್ಪಂದೇ. ನನ್ ಕೈಲಿ ಇದೇ ಮೊದ್ಲು."

"ದನಿ ಅಂಗೇ ಬಂದ್ರೆ ಸರಿ. ಬರ್ದಿದ್ರೆ ಯುಗಾದಿಗೆ ಮುಂಚೆ ಒಡೆದು ಬೇರೆಯವ್ರ ಕೈಲಿ ಎರೆಸ್ತೀವಿ," ಎಂದರು ತಾತ.

"ಒಡೆದ್ರೆ ನಂಗೆ ಇನ್ನು ದೀಪಾನೇ ಗತಿ. ಇನ್ನೊಂದ್ ಗಂಟೆಗೆ ಕೈ ಹಾಕಲ್ಲ," ಎಂದು ಅವರು ನಕ್ಕರು. ನಗು ಬಾಯಲ್ಲಷ್ಟೇ ಇತ್ತು.

ಗುಡಿಯ ಹಿಂದೆ ಒಲೆ ಹೂಡಿದರು. ಮೇಣದಲ್ಲಿ ಗಂಟೆಯ ಅಚ್ಚು ಮಾಡಿ, ಕೆರೆಯ ಮಣ್ಣು ಮೆತ್ತಿ, ಒಣಗಿಸಿದರು. ಹಳೆಯ ಹೋಳುಗಳ ಜೊತೆಗೆ ಮನೆಗೊಂದು ಹಳೆ ಪಾತ್ರೆಯನ್ನು ಲೋಹ ಕರಗಿಸುವ ಮೂಸೆಗೆ ಹಾಕುವುದು ವಾಡಿಕೆಯಂತೆ. ಪಟ್ಟಿ ಬರೆಯುವ ಕೆಲಸ ನನಗೆ ಬಂತು. ಹದಿನಾಲ್ಕು ಮನೆ, ಹದಿನೇಳು ಸಾಮಾನು. ಕಂಚುಗಾರರು ಬೆರಳಲ್ಲಿ ತಟ್ಟಿ ನೋಡಿ ವಾಪಸು ಕೊಟ್ಟದ್ದು ಐದು: ಎರಡು ಅಲ್ಯುಮಿನಿಯಂ ಚೊಂಬು, ಒಂದು ನಲ್ಲಿ, ಒಂದು ಬೀಗ, ಒಂದು ಸೈಕಲ್ ಬೆಲ್ಲಿನ ಮುಚ್ಚಳ. ಮುಚ್ಚಳ ತಂದಿದ್ದ ಅಜ್ಜಿ ಸಿಟ್ಟಾದಳು. "ಇದೂ ಗಂಟೇನೇ ಅಲ್ವೇನಯ್ಯಾ? ಚಿಕ್ಕದು ಅಂತ ಭೇದ ಮಾಡ್ತೀಯಲ್ಲ."

ಮಾರ್ಚ್ 11, ಗುರುವಾರ, ಬೆಳಿಗ್ಗೆ 9.15ಕ್ಕೆ ಎರಕ ಹೊಯ್ದರು. ಮಾರನೆಯ ದಿನ ಮಣ್ಣು ಒಡೆದು, ಗಂಟೆಯನ್ನು ತೊಳೆದು ಒರೆಸಿ, ಎರಡು ದಿನ ಮನೆಗೆ ಹೋಗಿ ಬರುತ್ತೇನೆಂದು ಕಂಚುಗಾರರು ಬಸ್ಸು ಹತ್ತಿದರು. ಭಾನುವಾರ ರಜ. ಗಂಟೆ ತೂಗುಹಾಕುವ ಹೊಣೆಯನ್ನು ಚಿಕ್ಕಪ್ಪ ತಾನೇ ಹೊತ್ತುಕೊಂಡ. ಬೆಳಿಗ್ಗೆಯಿಂದ ಮೂರರವರೆಗೆ ಏಣಿಯ ಮೇಲಿದ್ದ. ಇಳಿದು ಬಂದು ಕೈ ಒರೆಸಿಕೊಳ್ಳುತ್ತಾ, "ಇನ್ನು ಭೂಕಂಪ ಆದ್ರೂ ಬೀಳಲ್ಲ," ಎಂದ. ಕಂಚುಗಾರರು ಬರುವ ತನಕ ಯಾರೂ ಹೊಡೆಯಕೂಡದು ಎಂದು ತಾತ ಅಪ್ಪಣೆ ಮಾಡಿದ್ದರು.

ಅಷ್ಟರಲ್ಲಿ ಕಟ್ಟೆಯ ಮೇಲೆ ಹಳೆಯ ದನಿಯ ಚರ್ಚೆ ಜೋರಾಗಿತ್ತು. ಹೊಸದನ್ನು ಯಾವುದಕ್ಕೆ ಹೋಲಿಸುವುದು? ಹಳೆಯದು ಕರಗಿ ಹೊಸದರೊಳಗೇ ಸೇರಿಹೋಗಿತ್ತು.

"ಹೊಡೆದು ಹೊಲ ಮುಟ್ಟೋಗಂಟ ಮೊಳಗ್ತಿತ್ತು," ಎಂದರು ತಾತ.

"ನನ್ ಮದ್ವೇಲಿ ಹೊಡೆದಿದ್ದು ನಂಗಿನ್ನೂ ಕೇಳಿಸ್ತದೆ," ಎಂದಳು ಸೈಕಲ್ ಬೆಲ್ಲಿನ ಅಜ್ಜಿ.

"ಅದು ಗಂಟೆಯಲ್ಲ ಕಣಜ್ಜಿ, ನಿನ್ ಗಂಡನ ಗೊರಕೆ," ಎಂದ ಚಿಕ್ಕಪ್ಪ.

ಸುಮ್ಮನಿರಬೇಕಾದ ಜಾಗದಲ್ಲಿ ನಾನು ಬಾಯಿ ಬಿಟ್ಟೆ. ಹನ್ನೊಂದು ವರ್ಷದವಳಿದ್ದಾಗಿನ ನೋಟುಬುಕ್ಕಿನಲ್ಲಿ ಬರೆದದ್ದು ನೆನಪಿತ್ತು. ಓಡಿ ಹೋಗಿ ಅದನ್ನು ತಂದು ಓದಿದೆ: 'ಗುಡಿ ಗಂಟೆ, ಒಂದು ಏಟಿಗೆ 28.'

ತಾತನ ಮುಖ ಅರಳಿತು. "ನೋಡ್ರಪ್ಪಾ, ಬರವಣಿಗೆ ಅಂದ್ರೆ ಇದು. ಇಪ್ಪತ್ತೆಂಟು ಸೆಕೆಂಡು." ಚಿಕ್ಕಪ್ಪ ಗುಡಿಯ ಕಂಬದ ಮೇಲೆ ಸುಣ್ಣದ ಕಡ್ಡಿಯಲ್ಲಿ ದೊಡ್ಡದಾಗಿ 28 ಎಂದು ಬರೆದ.

ಮಾರ್ಚ್ 15, ಸೋಮವಾರ, ಸಂಜೆ 5.20. ಕಂಚುಗಾರರು ಬಸ್ಸಿಳಿದು ನೇರ ಗುಡಿಗೆ ಬಂದರು. ಕಂಬದ ಮೇಲಿನ ಅಂಕೆ ನೋಡಿದರು, ಅದು ಹಳೆಯ ಗಂಟೆಯ ಲೆಕ್ಕ ಎಂದು ತಾತ ಹೇಳಿದರು. ಚಿಕ್ಕಪ್ಪ ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟ. ತಾತ ಗಂಟೆಯ ನಾಲಿಗೆ ಎಳೆದು ಒಂದು ಏಟು ಹೊಡೆದರು.

ಏಳು ಸೆಕೆಂಡು.

ಇನ್ನೊಂದು ಏಟು. ಏಳು. ಮೂರನೆಯದು ಆರೂವರೆ. ತಗಡಿನ ಡಬ್ಬ ಬಡಿದಂತೆ ಒಂದು ಸದ್ದು, ಆಮೇಲೆ ಮೌನ. ಯಾರೋ ಹಿಂದಿನಿಂದ, "ನಲ್ಲಿ ಹಾಕ್ಬೇಕಾಗಿತ್ತು, ಆಗ ಬರ್ತಿತ್ತು," ಎಂದರು. ತಾತ ತಲೆ ಆಡಿಸಿ, "ಯುಗಾದಿಗೆ ಇನ್ನು ಹತ್ತೇ ದಿನ ಐತೆ. ನಾಳೆ ಇಳಿಸಿ ಒಡೆಯೋಣ ಆಚಾರ್ರೆ, ಬೇಜಾರ್ ಮಾಡ್ಕಬ್ಯಾಡಿ," ಎಂದರು.

ಕಂಚುಗಾರರು ಏಣಿ ಕೇಳಿದರು. ಮೇಲೆ ಹತ್ತಿ ಗಂಟೆಯ ಹೆಗಲಿನ ಸುತ್ತ ಬೆರಳಾಡಿಸಿದರು. ಅಲ್ಲೇ ನಿಂತು ಕೆಳಗೆ ನೋಡಿದರು.

"ಇದಕ್ಕೆ ಕಾಲರ್ ತೊಡಿಸಿದೋರು ಯಾರಪ್ಪಾ?"

ಚಿಕ್ಕಪ್ಪ ಹೆಮ್ಮೆಯಿಂದಲೇ ಮುಂದೆ ಬಂದ. "ನಾನೇ. ಕೊಂಡಿ ಒಂದನ್ನೇ ನಂಬಂಗಿಲ್ಲ ಅಂತ ಕಬ್ಬಿಣದ ಪಟ್ಟಿ ಹಾಕಿದೀನಿ. ಒಳಗೆ ರಬ್ಬರ್. ನಾಲ್ಕು ಬೋಲ್ಟು, ಎಂಟು ನಟ್ಟು. ಕೂದಲೆಳೆಯಷ್ಟೂ ಅಲ್ಲಾಡಲ್ಲ."

"ರಬ್ಬರ್ ಯಾಕೆ?"

"ವೈಬ್ರೇಷನ್ ಬರಬಾರ್ದು ಅಂತ. ಫ್ಯಾಕ್ಟ್ರೀಲಿ ಮೋಟಾರ್ ಕೂರಿಸೋವಾಗ ಅಂಗೇ ಮಾಡೋದು."

"ವೈಬ್ರೇಷನ್ ಬೇಡ ಅಂದಿದ್ರೆ ನನ್ನ ಯಾಕ್ ಕರೆಸಿದ್ರಿ? ಗುಂಡುಕಲ್ಲು ನೇತಾಕ್ಕೊಳ್ಳಿ. ಕತ್ತು ಹಿಡ್ಕೊಂಡು ಹಾಡು ಅಂದ್ರೆ ಯಾರ್ ಹಾಡ್ತಾರೆ?"

ಕಟ್ಟೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ಚಿಕ್ಕಪ್ಪ ನಗದೆ ಸ್ಪ್ಯಾನರ್ ತಂದ. ಎಂಟು ನಟ್ಟು ಬಿಚ್ಚಲು ಹದಿನೆಂಟು ನಿಮಿಷ ಹಿಡಿಯಿತು, ಅಷ್ಟು ಚೆನ್ನಾಗಿ ಬಿಗಿದಿದ್ದ. ಬೀಳಬಾರದೆಂಬ ಅವನ ಆಸೆಗೆ ಕಂಚುಗಾರರು ಕೊಂಡಿಯ ಪಕ್ಕದಲ್ಲಿ ಸಡಿಲವಾಗಿ ಒಂದು ಸರಪಳಿ ಬಿಡಲು ಒಪ್ಪಿದರು.

ತಾತ ಮತ್ತೆ ಹೊಡೆದರು. ಈ ಸಲ ದನಿ ಕಂಬಗಳ ನಡುವೆ ಹರಡಿ, ಹೊರಗೆ ಹೋಗಿ, ತಿರುಗಿ ಬಂದಂತಾಯಿತು. ನಾನು ಮುಳ್ಳಿನ ಮೇಲೆ ಕಣ್ಣು ನೆಟ್ಟಿದ್ದೆ. ಹತ್ತೊಂಬತ್ತು ಸೆಕೆಂಡು. ಇನ್ನೆರಡು ಏಟಿಗೂ ಹತ್ತೊಂಬತ್ತೇ. ತಾತನ ಕಿವಿಗೆ ಹನ್ನೆರಡಕ್ಕೇ ನಿಂತಿತು, ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

"ಚೆನ್ನಾಗೇ ಐತೆ," ಎಂದರು ತಾತ. "ಆದ್ರೆ ಇಪ್ಪತ್ತೆಂಟಕ್ಕೆ ಒಂಬತ್ತು ಕಮ್ಮಿ ಆಯ್ತಲ್ಲ. ಬರೆದಿಟ್ಟಿರೋದು ಸುಳ್ಳಾಗ್ತದಾ?"

ಕಂಚುಗಾರರು ಆ 28ನ್ನು ನೋಡುತ್ತಾ ಕಂಬದ ಬುಡದಲ್ಲಿ ಕೂತರು. "ಅಪ್ಪನ ಕೈ ಅಪ್ಪಂದೇ," ಎಂದರು. "ನಾಳೆ ಒಡೆಯೋವಾಗ ನಾನೇ ಒಡೀತೀನಿ."

ಮನೆಗೆ ಬಂದು ನಾನು ಊಟಕ್ಕೆ ಕೂರಲಿಲ್ಲ. ಅಂಕೆ ನನ್ನದು. ಅದನ್ನು ಬರೆದ ಬೇಸಿಗೆ ರಜದಲ್ಲಿ ನಮ್ಮ ಮನೆಯಲ್ಲಿ ಗಡಿಯಾರವೇ ಇರಲಿಲ್ಲ ಎನ್ನುವುದು ಆಗ ಹೊಳೆಯಿತು. ನಾನು ಎಣಿಸಿದ್ದು ಸೆಕೆಂಡುಗಳನ್ನಲ್ಲ, ಬಾಯಲ್ಲಿ ಒಂದು, ಎರಡು, ಮೂರು ಎಂದು. ಯಾವ ವೇಗದಲ್ಲಿ ಎಂದು ಹೇಳುವವರು ಯಾರು? ನೋಟುಬುಕ್ಕು ತಿರುವಿದೆ. ಅದೇ ದಿನ, ಅದೇ ಹಾಳೆಯಲ್ಲಿ, ಗಂಟೆಯ ಕೆಳಗೆ ಇನ್ನೂ ನಾಲ್ಕು ಸಾಲಿದ್ದವು. ಹಸು ನೀರು ಕುಡಿದದ್ದು 41. ಅಮ್ಮ ಬೈದದ್ದು 133. ತಾತ ಸೀನಿದ್ದು 6. ಕಾರ್ಖಾನೆ ಸೈರನ್ 90.

ಚಿಕ್ಕಪ್ಪನ ಕಾರ್ಖಾನೆಯ ಸೈರನ್ ನಮ್ಮೂರಿಗೆ ಚೆನ್ನಾಗಿ ಕೇಳುತ್ತದೆ. "ಅದು ಎಷ್ಟು ಹೊತ್ತು ಕೂಗತ್ತೆ ಚಿಕ್ಕಪ್ಪ?" ಎಂದೆ.

"ಒಂದ್ ನಿಮಿಷ. ಸೆಕೆಂಡ್ ಆಚೆ ಈಚೆ ಇಲ್ಲ."

"ಎಂಟು ವರ್ಷದ ಹಿಂದೆ?"

"ಅದೇ ಟೈಮರ್ ಕಣೇ. ಎಣ್ಣೆ ಬಿಡೋನು ನಾನೇ."

ಮಾರ್ಚ್ 16, ಮಂಗಳವಾರ, ಬೆಳಿಗ್ಗೆ 7.00. ಮೊದಲ ಸೈರನ್ ಆದಾಗ ನಾನು, ಚಿಕ್ಕಪ್ಪ ಗುಡಿಯ ಮುಂದೆ ಗಡಿಯಾರ ಹಿಡಿದು ನಿಂತಿದ್ದೆವು. ಜೊತೆಗೆ ತಾತ, ಮತ್ತು ಸುತ್ತಿಗೆ ತೊಡೆಯ ಮೇಲಿಟ್ಟುಕೊಂಡ ಕಂಚುಗಾರರು. ಸರಿಯಾಗಿ ಅರವತ್ತು ಸೆಕೆಂಡು. ಸುಣ್ಣದ ಕಡ್ಡಿಯಲ್ಲಿ ಕಟ್ಟೆಯ ಮೇಲೆ ಲೆಕ್ಕ ಮಾಡಿ ತೋರಿಸಿದೆ. ತೊಂಬತ್ತು ಎಣಿಕೆಗೆ ಅರವತ್ತು ಸೆಕೆಂಡು ಅಂದರೆ ಇಪ್ಪತ್ತೆಂಟಕ್ಕೆ ಹದಿನೆಂಟು ಸೆಕೆಂಡು, ಮೇಲೆ ಮುಕ್ಕಾಲಿಗೆ ತುಸು ಕಡಿಮೆ.

ತಾತ ಎರಡು ಸಲ ಕೇಳಿ ಅರ್ಥ ಮಾಡಿಕೊಂಡರು. "ಅಂದ್ರೆ ಚಿಕ್ಕೋಳಿದ್ದಾಗ ನಿನ್ ಬಾಯಿ ಅಷ್ಟು ಸ್ಪೀಡು."

"ಈಗೇನ್ ಕಮ್ಮಿ ಆಗೈತಾ," ಎಂದ ಚಿಕ್ಕಪ್ಪ, ಸೈಕಲ್ ಹತ್ತುತ್ತಾ.

ತಾತ ಟವಲಿನಿಂದ ಕಂಬದ ಮೇಲಿನ 28ನ್ನು ಒರೆಸಿದರು. "ಗಂಟೆ ಇಲ್ಲೇ ಇರ್ಲಿ ಆಚಾರ್ರೆ. ಸುತ್ತಿಗೆ ಒಳಗಿಡಿ."

ಕಂಚುಗಾರರು ಸುತ್ತಿಗೆಯನ್ನು ಚೀಲಕ್ಕೆ ಹಾಕಿ ನನ್ನ ಹತ್ತಿರ ಬಂದರು. "ಏನಂತ ಬರ್ಕೋತೀಯವ್ವಾ?"

"ಹಳೇದು ಹದಿನೆಂಟೂ ಮುಕ್ಕಾಲಿನ ಹತ್ತಿರ, ಹೊಸದು ಹತ್ತೊಂಬತ್ತು."

"ಬ್ಯಾಡ. ಅಪ್ಪನಿಗಿಂತ ಜಾಸ್ತಿ ಅಂತ ಬರೀಬೇಡ. ಸಮ ಅಂತ ಬರ್ಕೊ."

ನಾನು ಅಂಕೆಗಳನ್ನು ಇದ್ದ ಹಾಗೆಯೇ ಬರೆದೆ. ಪಕ್ಕದಲ್ಲಿ, ಅವರು ನೋಡುತ್ತಿರುವಾಗಲೇ, ಪೆನ್ಸಿಲಿನಲ್ಲಿ 'ಸಮ' ಎಂದು ಸೇರಿಸಿದೆ. ಅವರು ಅದನ್ನು ಓದಿ, ಬಸ್ಸಿಗೆ ಹೊತ್ತಾಯಿತು ಎಂದರು.

ಹೋಗುವಾಗ ಅವರು ಹೇಳಿದ್ದು: ಅವರ ಅಪ್ಪ ಈ ಸೀಮೆಯಲ್ಲಿ ಇನ್ನೂ ಹಲವು ಗಂಟೆ ಎರೆದಿದ್ದಾರಂತೆ, ಯಾವ ಊರು ಎಂದು ಬರೆದಿಟ್ಟವರಿಲ್ಲ. ಗುರುತು, ಒಳಗೋಡೆಯಲ್ಲಿ ನಾಲಿಗೆ ತಗಲದ ಜಾಗದಲ್ಲಿ ಭತ್ತದ ಕಾಳಿನಷ್ಟು ಒಂದು ಉಬ್ಬು. ನಿಮ್ಮೂರ ಗುಡಿಯ ಗಂಟೆಯಲ್ಲಿ ಅಂಥದ್ದು ಕಂಡರೆ ದಯವಿಟ್ಟು ನನಗೊಂದು ಕಾಗದ ಬರೆಯಿರಿ. ಒಂದು ಏಟಿಗೆ ಎಷ್ಟು ಹೊತ್ತು ಮೊಳಗುತ್ತದೆ ಎಂದೂ ತಿಳಿಸಿ. ಬಾಯಲ್ಲಿ ಎಣಿಸಿದ್ದಾದರೆ, ಅದೇ ದಿನ ಯಾವುದಾದರೂ ಸೈರನ್ನನ್ನೂ ಎಣಿಸಿ, ಎರಡೂ ಅಂಕೆ ಕಳಿಸಿ.